ಬೆಳ್ಳಿ ಕೈಯ ದೊರೆ ನಮ್ಮ ದವಸದ ಕೋಣೆಗೆ ಬಂದದ್ದು

ಸುದ್ದಿ ಬಂದಾಗ ನಾನು ಅವರೆಕಾಳು ಹಿದುಕುತ್ತಿದ್ದೆ. ಹಿಂದಿನ ದಿನ ನೆನೆಹಾಕಿದ್ದ ಕಾಳು ಚೆನ್ನಾಗಿ ಉಬ್ಬಿತ್ತು. ಎರಡು ಬೆರಳ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಪಾತ್ರೆಗೆ ಹಾರುತ್ತಿತ್ತು. ಸದ್ದಿಲ್ಲದ ಕೆಲಸ ಅಂತಲೇ ಅದನ್ನು ಆ ಹೊತ್ತಿಗೆ ಇಟ್ಟುಕೊಂಡಿದ್ದೆ. ಯಾಕೆಂದರೆ ಒಳಗೆ ದವಸದ ಕೋಣೆಯಲ್ಲಿ ನಮ್ಮ ಮಗಳು ಕಥೆ ಓದುತ್ತಿದ್ದಳು.

ಮಗಳು ಮೈಸೂರಿನಲ್ಲಿ ಎಂ.ಎ. ಮುಗಿಸಿ ನರಸೀಪುರದ ಮನೆಗೆ ಬಂದಿದ್ದಳು. ಫೋನಿನಲ್ಲಿ ಕಥೆ ಕೇಳಿಸುವ ಒಂದು ಕಂಪನಿಯವರು ಬೇರೆ ಬೇರೆ ದೇಶದ ದೇವರ ಕಥೆಗಳನ್ನು ಇಂಗ್ಲಿಷಿನಲ್ಲಿ ಕಳಿಸುತ್ತಿದ್ದರು. ಇವಳು ಅದನ್ನು ಕನ್ನಡಕ್ಕೆ ತಂದು, ತನ್ನ ದನಿಯಲ್ಲೇ ಓದಿ, ರೆಕಾರ್ಡ್ ಮಾಡಿ ಕಳಿಸಬೇಕು. ಮನೆಯಲ್ಲಿ ಸದ್ದು ಬಾರದ ಜಾಗ ಅಂದರೆ ದವಸದ ಕೋಣೆ ಒಂದೇ. ಸುತ್ತ ರಾಗಿ ಮೂಟೆ, ಭತ್ತದ ಮೂಟೆ, ಬಾಗಿಲಿಗೆ ಎರಡು ಕಂಬಳಿ ಇಳಿಬಿಟ್ಟು ನಡುವೆ ಸ್ಟೂಲಿನ ಮೇಲೆ ಮೈಕು ಇಟ್ಟು ಕೂರುತ್ತಿದ್ದಳು. ಅವಳು ಒಳಗೆ ಹೋದಳೆಂದರೆ ಮನೆಯಲ್ಲಿ ಮಿಕ್ಸಿ ಇಲ್ಲ, ಕುಕ್ಕರ್ ಇಲ್ಲ, ಟಿ.ವಿ. ಇಲ್ಲ, ಫೋನು ಸೈಲೆಂಟ್. ನಾನು ನನ್ನ ಕೆಲಸವನ್ನೆಲ್ಲ ಸದ್ದಿನ ಕೆಲಸ, ಮೌನದ ಕೆಲಸ ಅಂತ ಎರಡು ಪಾಲು ಮಾಡಿಕೊಂಡಿದ್ದೆ. ಅಕ್ಕಿ ಆರಿಸುವುದು, ಹೂಬತ್ತಿ ಹೊಸೆಯುವುದು, ಸೊಪ್ಪು ಬಿಡಿಸುವುದು, ಇವೆಲ್ಲ ಕಥೆಯ ಹೊತ್ತಿನವು. ಕಂಬಳಿ ಎಷ್ಟು ದಪ್ಪ ಇದ್ದರೂ ಬಾಗಿಲ ಪಕ್ಕ ಕೂತವಳಿಗೆ ಕಥೆ ಕೇಳಿಸುತ್ತಿತ್ತು. ಕೇಳಿಸಲಿ ಅಂತಲೇ ಅಲ್ಲಿ ಕೂರುತ್ತಿದ್ದೆ ಅನ್ನಿ.

ಆ ತಿಂಗಳು ಬಂದಿದ್ದು ಐರ್ಲೆಂಡ್ ಅನ್ನುವ ದ್ವೀಪದ ಹಳೆಯ ದೇವರುಗಳ ಕಥೆ. ಕೆಲ್ಟಿಕ್ ಜನ ಅಂತೆ, ಬಹಳ ಹಿಂದಿನವರು. ದಾನು ಎಂಬ ತಾಯಿಯ ಮಕ್ಕಳು ಅವರ ದೇವತೆಗಳು. ಅವರಲ್ಲಿ ದಾಗ್ದ ಅಂತ ಒಬ್ಬ ದೇವರು, ದೊಡ್ಡ ಹೊಟ್ಟೆ, ಸೊಂಟಕ್ಕೂ ಸಾಲದ ಗಿಡ್ಡ ಅಂಗಿ. ಅವನ ಗದೆಯ ಒಂದು ತುದಿ ತಾಗಿದರೆ ಸಾವು, ಇನ್ನೊಂದು ತುದಿ ತಾಗಿದರೆ ಸತ್ತವನು ಎದ್ದು ಕೂರುತ್ತಾನೆ. ಎಲ್ಲಕ್ಕಿಂತ ನನಗೆ ಇಷ್ಟವಾಗಿದ್ದು ಅವನ ಕೊಪ್ಪರಿಗೆ. ಅದರ ಮುಂದೆ ಕೂತವರು ಯಾರೂ ಅರೆಹೊಟ್ಟೆಯಲ್ಲಿ ಎದ್ದು ಹೋಗುತ್ತಿರಲಿಲ್ಲವಂತೆ. ನಮ್ಮ ಮಠದ ದಾಸೋಹದ ಮನೆಯೇ ನನ್ನ ಕಣ್ಣ ಮುಂದೆ ಬಂತು. ಅಷ್ಟು ದೂರದ, ಅಷ್ಟು ಹಳೆಯ ಜನಕ್ಕೂ ದೇವರೆಂದರೆ ಮೊದಲು ಅನ್ನ ಹಾಕುವವನು ಅಂತ ತೋಚಿತಲ್ಲ, ಅದಕ್ಕೆ ಕೈ ಮುಗಿದೆ. ಆ ದಾಗ್ದನ ಮಗಳು ಬ್ರಿಜಿದ್. ಒಲೆಯ ಬೆಂಕಿ ಅವಳದು, ಕಮ್ಮಾರನ ಕುಲುಮೆ ಅವಳದು, ಕವಿಯ ಬಾಯಿ ಅವಳದು, ಕಾಯಿಲೆ ವಾಸಿ ಮಾಡುವುದೂ ಅವಳದೇ. ಒಬ್ಬಳೇ ಹೆಂಗಸು ಇಷ್ಟನ್ನೂ ನೋಡಿಕೊಳ್ಳುತ್ತಾಳೆ ಅಂದರೆ ಯಾರಿಗೆ ಆಶ್ಚರ್ಯವಾಯಿತೋ ಕಾಣೆ, ನನಗಾಗಲಿಲ್ಲ.

ಕೊಪ್ಪರಿಗೆಯ ಕಥೆಯನ್ನು ಆ ಬೆಳಿಗ್ಗೆ ಮಗಳು ತಿಂಡಿಯ ಹೊತ್ತಿಗೇ ಅವರಪ್ಪನಿಗೂ ಹೇಳಿದ್ದಳು. ಅವರು ಆಗಷ್ಟೇ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಒದ್ದೆ ಇರುವಾಗಲೇ ತಟ್ಟೆಯ ಮುಂದೆ ಕೂತಿದ್ದರು.

"ನಿಮ್ಮವ್ವನ ಕೊಪ್ಪರಿಗೆ ಮಾತ್ರ ನಾನು ಕೂತ ದಿನವೇ ಬರಿದಾಯ್ತದೆ ಕಣವ್ವ," ಅಂದರು.

"ಮೂರನೇ ರೊಟ್ಟಿ ಬಾಯಲ್ಲಿ ಇಟ್ಕೊಂಡು ಯೋಳ್ತಾ ಅವ್ರೆ ನೋಡು," ಅಂದೆ ನಾನು.

ನಕ್ಕು, ಚಳಿ ಅಂತ ತುಂಬುತೋಳಿನ ಸ್ವೆಟರ್ ಹಾಕಿಕೊಂಡು ಬಸ್ ನಿಲ್ದಾಣದ ಹಿಂದಿನ ನಮ್ಮ ಹಿಟ್ಟಿನ ಮಿಲ್ಲಿಗೆ ಹೋದರು.

ಫೋನು ಸೈಲೆಂಟ್ ಇದ್ದದ್ದರಿಂದ ಸುದ್ದಿ ಕಾಲ್ನಡಿಗೆಯಲ್ಲಿ ಬಂತು. ಮಿಲ್ಲಿನ ಪಕ್ಕದ ಗೊಬ್ಬರದ ಅಂಗಡಿಯವರು ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಿದ್ದರು.

"ಅಕ್ಕ, ಫೋನ್ ತಗೀಬಾರ್ದಾ? ಅಣ್ಣಾರ ಕೈ ಬೆಲ್ಟಿಗೆ ಸಿಕ್ಬುಡ್ತು. ಸ್ವೆಟರ್ ತೋಳು ಎಳ್ಕಂಬುಡ್ತು. ಮೈಸೂರ್ಗೆ ಕರ್ಕಂಡೋದ್ರು. ಬನ್ನಿ, ರೋಡ್ ತಾವ ಕಾರು ನಿಂತದೆ."

ಮಗಳು ಕಂಬಳಿ ಸರಿಸಿ ಬಂದಳು. ನನ್ನ ಕೈಯಲ್ಲಿ ಒಂದು ಹಿಡಿ ಅವರೆಕಾಳು ಹಾಗೇ ಇತ್ತು. ಕಾರಿನಲ್ಲಿ ಎಷ್ಟೋ ದೂರ ಹೋದ ಮೇಲೆ ಅದು ಇನ್ನೂ ಮುಷ್ಟಿಯಲ್ಲಿದೆ ಅಂತ ಗೊತ್ತಾಯಿತು.

ದಾರಿಯುದ್ದಕ್ಕೂ ನಂಜನಗೂಡಿನ ನಂಜುಂಡಪ್ಪನನ್ನೇ ನೆನೆದೆ. ಅವನು ನಂಜು ನುಂಗಿದವನು, ರೋಗ ಕಳೆಯುವವನು. ಕಣ್ಣು ಬೇನೆಗೆ ಬೆಳ್ಳಿಯ ಕಣ್ಣು, ಕಾಲು ನೋವಿಗೆ ಬೆಳ್ಳಿಯ ಕಾಲು ಅಂತ ಹರಕೆ ಹೊತ್ತು ಒಪ್ಪಿಸುವುದು ನಮ್ಮ ಕಡೆ ಎಲ್ಲರೂ ಮಾಡುವಂಥದ್ದೇ. "ಅವರ ಕೈ ಉಳಿಸಪ್ಪಾ, ಬೆಳ್ಳಿ ಕೈ ತಂದು ನಿನ್ನ ಮುಂದೆ ಇಡ್ತೀನಿ," ಅಂತ ಬೇಡಿಕೊಂಡೆ.

ಆಸ್ಪತ್ರೆಯಲ್ಲಿ ಅವರನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗುವ ಮುಂಚೆ ಒಬ್ಬ ನರ್ಸಮ್ಮ ಹೊರಗೆ ಬಂದು ಅವರ ಇಷ್ಟಲಿಂಗವನ್ನು, ಅದನ್ನಿಡುವ ಬೆಳ್ಳಿಯ ಕರಡಿಗೆ, ಕೊರಳ ಶಿವದಾರದ ಸಮೇತ, ನನ್ನ ಕೈಗೆ ಕೊಟ್ಟಳು. "ಮೈಮೇಲೆ ಏನೂ ಇರೋ ಹಾಗಿಲ್ಲ ಅಮ್ಮ," ಅಂದಳು. ಆದರೂ ಅದನ್ನು ಒಂದು ತೊಳೆದ ಬಟ್ಟೆಯ ಮೇಲಿಟ್ಟು ತಂದಿದ್ದಳು. ಆ ಬಟ್ಟೆಗಾಗಿ ಅವಳನ್ನು ಇವತ್ತಿಗೂ ನೆನೆಯುತ್ತೇನೆ. ನಮ್ಮಲ್ಲಿ ಲಿಂಗ ಮೈ ಬಿಟ್ಟು ಇರಬಾರದು. ಬೇರೆ ದಾರಿ ತೋಚದೆ ಅದನ್ನು ನನ್ನ ಕೊರಳಿಗೇ, ನನ್ನ ಲಿಂಗದ ಪಕ್ಕದಲ್ಲೇ ಹಾಕಿಕೊಂಡೆ.

ಎಡಗೈ ಉಳಿಯಲಿಲ್ಲ. ಮಣಿಕಟ್ಟಿಗಿಂತ ಮೇಲಕ್ಕೇ ಕತ್ತರಿಸಿ ತೆಗೆದರು.

ಜೀವ ಉಳಿಯಿತು. ಬಲಗೈ ಉಳಿಯಿತು. ಗೊಬ್ಬರದ ಅಂಗಡಿಯವರು ಓಡಿ ಬಂದು ಸ್ವಿಚ್ ಆರಿಸಿದ್ದರಿಂದ ಭುಜ ಉಳಿಯಿತು. ಇದನ್ನೆಲ್ಲ ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದೆ. ಇಲ್ಲದ್ದನ್ನು ಎಣಿಸುತ್ತ ಕೂತರೆ ಎದ್ದು ನಿಲ್ಲುವುದಕ್ಕೇ ಆಗುವುದಿಲ್ಲ, ಉಳಿದದ್ದನ್ನು ನೋಡಬೇಕು. ಆದರೆ ಉಳಿಯದೆ ಹೋದ ಆ ಕೈ ಯಾವುದು ಅಂತ ನನಗೆ ಪೂರ್ತಿ ತಿಳಿದದ್ದು ಮನೆಗೆ ಬಂದ ಮೇಲೆಯೇ.

ನಮ್ಮ ಪೂಜೆ ಗೊತ್ತಿಲ್ಲದವರಿಗೆ ಒಂದು ಮಾತು. ದೀಕ್ಷೆಯ ದಿನ ಗುರು ಲಿಂಗವನ್ನು ಎಡ ಅಂಗೈಯ ಮೇಲೆ ಇಡುತ್ತಾರೆ. ಅಲ್ಲಿಂದಾಚೆಗೆ ದಿನವೂ ಅದು ಆ ಅಂಗೈಯಲ್ಲೇ ಕೂತು ಪೂಜೆ ಮಾಡಿಸಿಕೊಳ್ಳುತ್ತದೆ. ಬಲಗೈ ನೀರು ಹಾಕುತ್ತದೆ, ವಿಭೂತಿ ಇಡುತ್ತದೆ, ಪತ್ರೆ ಏರಿಸುತ್ತದೆ. ನಮ್ಮವರು ಮದುವೆಯಾದ ದಿನದಿಂದ ಪೂಜೆ ಮಾಡದೆ ಬಾಯಿಗೆ ಏನನ್ನೂ ಹಾಕಿದ್ದನ್ನು ನಾನು ಕಂಡಿರಲಿಲ್ಲ. ಪೂಜೆ ಮಾಡುವಾಗ ಅವರು ತಮ್ಮ ಎಡ ಅಂಗೈಯನ್ನು ನೋಡುತ್ತಿದ್ದ ರೀತಿಯಲ್ಲಿ ನನ್ನನ್ನಾಗಲಿ ಮಗಳನ್ನಾಗಲಿ ಎಂದೂ ನೋಡಿದವರಲ್ಲ. ಅದರಲ್ಲಿ ನನಗೆ ಬೇಜಾರಿಲ್ಲ, ಅದು ಹಾಗೇ ಇರಬೇಕು.

ಮನೆಗೆ ಬಂದ ದಿನ ಸ್ನಾನ ಮಾಡಿಸಿ, ನನ್ನ ಕೊರಳಿನಿಂದ ಅವರ ಲಿಂಗ ತೆಗೆಯಲು ಹೋದೆ.

"ಇರ್ಲಿ ಬುಡು," ಅಂದರು.

"ಏನಿರ್ಲಿ?"

"ನಿನ್ ತಾವೇ ಇರ್ಲಿ. ಎಲ್ಲಿ ಮಡಗ್ಲಿ ಅದ್ನ?"

ಅಂದಿನಿಂದ ಅವರು ಪೂಜೆಯ ಕೋಣೆಗೆ ಕಾಲಿಡಲಿಲ್ಲ. ಪೂಜೆ ಇಲ್ಲ ಅಂತ ಊಟವನ್ನೂ ಊಟದಂತೆ ಮಾಡಲಿಲ್ಲ. ಒಂದು ಲೋಟ ಗಂಜಿ, ಒಂದು ಲೋಟ ಹಾಲು, ಅದೂ ಮಾತ್ರೆ ನುಂಗಬೇಕಲ್ಲ ಅಂತ. ತಟ್ಟೆ ಇಟ್ಟರೆ ದೂರ ಸರಿಸುತ್ತಿದ್ದರು. ಶರಟಿನ ಕೊರಳುಪಟ್ಟಿ ದಿನದಿಂದ ದಿನಕ್ಕೆ ಸಡಿಲವಾಯಿತು.

ಮಠಕ್ಕೆ ಹೋಗಿ ಸ್ವಾಮಿಗಳ ಕಾಲಿಗೆ ಬಿದ್ದೆ. ನಮ್ಮ ಕಡೆ ಅವರನ್ನು ಬುದ್ಧಿ ಅನ್ನುತ್ತೇವೆ. "ಒಂದು ಚಿಕ್ಕ ಪೀಠದ ಮೇಲೆ ಇಟ್ಟು ಮಾಡ್ಲಿ ತಾಯಿ, ದೋಷ ಇಲ್ಲ. ಬಲವಂತ ಮಾತ್ರ ಮಾಡಬೇಡಿ, ಅವರ ಮನಸ್ಸು ತಾನಾಗಿ ಬರಲಿ," ಅಂದರು ಬುದ್ಧಿಯವರು. ಬಂದು ಹೇಳಿದೆ.

"ಬುದ್ಧಿಯೋರು ದೊಡ್ಡೋರು, ಯೋಳ್ತಾರೆ," ಅಂದರು ಇವರು. "ನಂಗೆ ದೀಕ್ಷೆ ಕೊಟ್ಟಾಗ ಅಂಗೈ ಮೇಲೆ ಮಡಗಿದ್ದು ಕಣೆ. ಸ್ಟ್ಯಾಂಡ್ ಮೇಲಲ್ಲ."

ಆಮೇಲೆ ಮೈಸೂರಿನಿಂದ ಕೃತಕ ಕೈ ಬಂತು. ಮೈಬಣ್ಣದ್ದು, ಉಗುರುಗಳನ್ನೂ ಮಾಡಿದ್ದರು. ನಾನು ಹುಚ್ಚಿ, ಇನ್ನೇನು ಎಲ್ಲ ಸರಿಹೋಯಿತು ಅಂತ ಅದನ್ನು ಪೂಜೆಯ ಕೋಣೆಯಲ್ಲಿಟ್ಟು, ವಿಭೂತಿ ಹಚ್ಚಿ, ಮೇಲೊಂದು ಹೂವೂ ಇಟ್ಟೆ. ಅವರು ಬಾಗಿಲಲ್ಲಿ ನಿಂತು ನೋಡಿದರು.

"ಪ್ಲಾಸ್ಟಿಕ್ಕಿಗೆ ಈಬೂತಿನಾ? ಬಕೀಟಿಗೂ ಒಸಿ ಅಚ್ಬುಡು," ಅಂದು ಆಚೆ ಹೋದರು.

ಅದೇ ವಾರ ಕಂಪನಿಯವರು ಮಗಳಿಗೆ ಫೋನು ಮಾಡಿ ಉಳಿದ ಕಥೆಗಳು ಬೇಕು ಅಂದರು. ಅವಳು ಅಡುಗೆಮನೆಗೆ ಬಂದು ನನ್ನ ಪಕ್ಕ ನಿಂತಳು. ಮುಖ ಸಣ್ಣದಾಗಿತ್ತು.

"ಅವ್ವ, ಮುಂದಿನ ಕಥೆ ಓದಕ್ಕೆ ಆಗಲ್ಲ ನಂಗೆ. ಕೈ ಕಳ್ಕೊಂಡಿರೋ ರಾಜನ ಕಥೆ ಅದು. ಅಪ್ಪಾಜಿ ನಡುಮನೇಲೇ ಮಲಗಿರ್ತಾರೆ, ಕೇಳಿಸ್ತದೆ."

"ಯಾವ ಕೈ?"

"ಬಲಗೈ ಅನ್ಸುತ್ತೆ. ಆಮೇಲೆ ಬೆಳ್ಳಿ ಕೈ ಹಾಕ್ತಾರೆ."

ಬೆಳ್ಳಿ ಕೈ ಅಂದಾಕ್ಷಣ ನಂಜುಂಡಪ್ಪನ ಹರಕೆ ನೆನಪಾಯಿತು. ಹರಕೆಯ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. "ಓದು," ಅಂದೆ. "ಬಾಗಿಲ ಕಂಬಳಿ ತೆಗೆದೇ ಓದು."

ಅವಳು ಓದಿದಳು. ನಾನು ಹೂಬತ್ತಿ ಹೊಸೆಯುತ್ತ ಬಾಗಿಲ ಬಳಿ ಕೂತೆ. ಇವರು ದಿವಾನದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದರು.

ದಾನುವಿನ ಮಕ್ಕಳು ಮಂಜಿನೊಳಗಿಂದ ಆ ದ್ವೀಪಕ್ಕೆ ಬಂದಿಳಿದಾಗ ಅವರ ದೊರೆ ನುವಾದ. ಬೆಳಕಿನಂಥ ಕತ್ತಿ ಅವನದು, ಒರೆಯಿಂದ ಹಿರಿದರೆ ಯಾರೂ ತಪ್ಪಿಸಿಕೊಳ್ಳಲಾರರು. ಅಲ್ಲಿ ಮೊದಲೇ ಇದ್ದ ಜನರೊಡನೆ ಯುದ್ಧವಾಯಿತು. ಗೆದ್ದರು. ಗೆದ್ದ ಯುದ್ಧದಲ್ಲೇ ನುವಾದನ ಕೈ ಹೋಯಿತು. ಅವರ ಕಟ್ಟಳೆಯ ಪ್ರಕಾರ ಮೈಯಲ್ಲಿ ಊನ ಇದ್ದವನು ಸಿಂಹಾಸನದಲ್ಲಿ ಕೂರುವಂತಿಲ್ಲ. ನುವಾದ ಇಳಿದ.

"ಯಾವನವ್ವ ಆ ಕಾನೂನು ಮಾಡ್ದೋನು?" ದಿವಾನದಿಂದ ದನಿ ಬಂತು.

ಮಗಳು ರೆಕಾರ್ಡಿಂಗ್ ನಿಲ್ಲಿಸಿದಳು. "ಅವರದ್ದು ಹಳೇ ಪದ್ಧತಿ ಅಪ್ಪಾಜಿ."

"ಯುದ್ಧದಾಗೆ ಓಗಿರೋ ಕೈ ಅಲ್ವಾ? ಕದಿಯಕ್ಕೋಗಿ ಕಳ್ಕಂಡಿದ್ನಾ? ಯಾರು ಇಳಿಸಿದ್ದು ಅವನ್ನ?"

"ಯಾರೂ ಇಳಿಸ್ಲಿಲ್ಲ. ಕಟ್ಟಳೆ ಅಂತ ಅವನೇ ಇಳಿದ."

ಮಗಳು ಮುಂದುವರಿಸಿದಳು. ನುವಾದನ ಜಾಗದಲ್ಲಿ ಬ್ರೆಸ್ ಅನ್ನುವವನನ್ನು ಕೂರಿಸಿದರು. ನೋಡಲು ಬಲು ಚೆಲುವ, ಮೈಯಲ್ಲಿ ಒಂದು ಗೀರಿಲ್ಲ. ಆದರೆ ಮಹಾ ಜಿಪುಣ. ಅವನ ಅರಮನೆಯಲ್ಲಿ ಉಂಡು ಬಂದವರ ಚಾಕುವಿಗೆ ಜಿಡ್ಡೇ ಅಂಟಿರುತ್ತಿರಲಿಲ್ಲವಂತೆ.

"ಅಂದ್ರೆ ತುಪ್ಪನೇ ಬಡಿಸ್ತಿರ್ಲಿಲ್ವಾ?" ನನಗೆ ತಡೆಯಲಾಗಲಿಲ್ಲ.

"ಅಂಗೇ ಅಂದ್ಕೊ ಅವ್ವ. ಒಬ್ಬ ಕವಿ ಮನೆಗೆ ಬಂದ್ರೆ ಅವನ್ನ ಕತ್ತಲೆ ಕೋಣೇಲಿ ಕೂರ್ಸಿ ಮೂರು ಒಣ ರೊಟ್ಟಿ ಕೊಟ್ಟನಂತೆ. ಕವಿ ಎದ್ದು ಹೋಗ್ತಾ ಒಂದು ಪದ್ಯ ಕಟ್ಟಿ ಬೈದ. ಆ ಬೈಗುಳಕ್ಕೆ ರಾಜನ ಮುಖದ ತುಂಬ ಬೊಕ್ಕೆ ಎದ್ದುವು."

"ಸರಿಯಾಗಿ ಆಯ್ತು," ಅಂದೆ. "ಅತಿಥಿಗೆ ಒಣ ರೊಟ್ಟಿ ಆಕೋನು ಎಂಥ ದೊರೆ? ಮೈ ಸರಿಯಾಗಿದ್ದು ಮನಸ್ಸು ಊನ ಆಗಿದ್ರೆ ಅದು ಕಟ್ಟಳೆಗೆ ಬರಲ್ವಾ?"

"ನಿಮ್ಮವ್ವ ಅಲ್ಲಿದ್ದಿದ್ರೆ ಬೊಕ್ಕೆ ಏಳೋಗಂಟ ಕಾಯ್ತಿರ್ಲಿಲ್ಲ ಕಣವ್ವ, ಸೌಟಲ್ಲೇ ಬಾರುಸ್ತಿದ್ಲು," ಅಂದರು ಗೋಡೆಯ ಕಡೆ ತಿರುಗಿದ್ದವರು.

ಆಸ್ಪತ್ರೆಯಿಂದ ಬಂದ ಮೇಲೆ ಅವರಾಡಿದ ಮೊದಲ ತಮಾಷೆ ಅದು. ನಾನು ತಲೆ ಎತ್ತಲಿಲ್ಲ, ಬತ್ತಿ ಹೊಸೆಯುತ್ತಲೇ ಇದ್ದೆ. ಎತ್ತಿದ್ದರೆ ಅತ್ತುಬಿಡುತ್ತಿದ್ದೆ.

ಇಷ್ಟರಲ್ಲಿ ದೇವತೆಗಳ ವೈದ್ಯ ಡೀಯನ್ ಕೆಹ್ತ್ ಒಬ್ಬ ಲೋಹದ ಕೆಲಸದವನ ಜೊತೆ ಸೇರಿ ನುವಾದನಿಗೆ ಬೆಳ್ಳಿಯ ಕೈ ಮಾಡಿದ. ಗೊಂಬೆಯ ಕೈಯಲ್ಲ, ಬೆರಳು ಬೆರಳೂ ಆಡುತ್ತಿತ್ತು. ಅಂದಿನಿಂದ ಅವನಿಗೆ ಬೆಳ್ಳಿ ಕೈಯವನು ಅಂತಲೇ ಹೆಸರಾಯಿತು.

ಇವರು ಎದ್ದು ಕೂತರು. "ಕೂರ್ಸುದ್ರಾ ಆಮೇಲೆ? ಸಿಂಹಾಸನದ್ ಮೇಲೆ?"

ಮಗಳು ನನ್ನ ಮುಖ ನೋಡಿದಳು. "ಇನ್ನೂ ಇಲ್ಲ ಅಪ್ಪಾಜಿ. ಮುಂದೆ..."

"ನೋಡ್ದಾ. ಬೆಳ್ಳಿದಾದ್ರೂ ಒಪ್ಲಿಲ್ಲ. ನಂದು ಪ್ಲಾಸ್ಟಿಕ್ಕು." ಚಪ್ಪಲಿ ಮೆಟ್ಟಿ ಹೊರಗೆ ಹೋಗಿಬಿಟ್ಟರು. ಮಗಳು ಅಳುತ್ತ ಮೈಕಿನ ವೈರು ಸುತ್ತಿಟ್ಟಳು.

ಆದರೂ ನನಗೆ ಆ ದೊರೆಯ ಮೇಲೆ ಬಂದ ಗೌರವ ಕಡಿಮೆಯಾಗಲಿಲ್ಲ. ಗೆಲ್ಲಿಸಿದ ಮೇಲೂ ನನ್ನ ಹಕ್ಕು ಅಂತ ಕಚ್ಚಿಕೊಳ್ಳಲಿಲ್ಲ. ದೂರ ನಿಂತು, ತನ್ನ ಜನ ಅರೆಹೊಟ್ಟೆಯಲ್ಲಿರುವುದನ್ನು ನೋಡುತ್ತ, ಕಟ್ಟಳೆಗೆ ತಲೆಬಾಗಿ ಇದ್ದ. ನಮ್ಮವರೂ ಅದನ್ನೇ ಮಾಡುತ್ತಿದ್ದರಲ್ಲ. ಯಾರೂ ಅವರನ್ನು ಪೂಜೆಯಿಂದ ಇಳಿಸಿರಲಿಲ್ಲ, ಅವರೇ ಇಳಿದಿದ್ದರು. ಅದನ್ನು ಮೊಂಡುತನ ಅಂದುಕೊಂಡು ಒಳಗೊಳಗೇ ಸಿಡುಕುತ್ತಿದ್ದ ನನಗೆ, ಅದು ಭಕ್ತಿಯೇ ಅಂತ ಕಾಣಿಸಿಕೊಟ್ಟವನು ಆ ಪರದೇಶದ ದೊರೆ.

ಸೋಮವಾರ ನಂಜನಗೂಡಿಗೆ ಹೋಗೋಣ ಅಂದೆ. ಬರಲ್ಲ ಅನ್ನುತ್ತಾರೆ ಅಂತಿದ್ದೆ, ಬಂದರು. ಮೂವರೂ ಬೆಳಗಿನ ಬಸ್ಸು ಹತ್ತಿದೆವು. ದೇವಸ್ಥಾನದ ಮುಂದೆ ಹರಕೆ ಸಾಮಾನಿನ ಅಂಗಡಿಯಲ್ಲಿ ಬೆಳ್ಳಿಯ ತಗಡಿನ ಕಣ್ಣು, ಕಾಲು, ಮಗು ಎಲ್ಲ ನೇತುಹಾಕಿದ್ದರು. ಅಂಗಡಿಯ ಹೆಂಗಸು ಒಂದು ಕೈ ತೆಗೆದು ಕೊಟ್ಟಳು. ಇವರು ಅದನ್ನು ಬಲ ಅಂಗೈಯಲ್ಲಿ ಹಿಡಿದು ನೋಡಿದರು.

"ಇದ್ಯಾವ ಕೈ?"

"ಹರಕೆದು," ಅಂದೆ. "ನಿಮ್ದು. ಅವತ್ತು ಕಾರಲ್ಲಿ ಹೊತ್ಕೊಂಡಿದ್ದು."

"ಅದಲ್ಲ ಕಣೆ. ಎಬ್ಬೆಟ್ಟು ನೋಡು. ಇದು ಬಲಗೈ."

ನೋಡಿದರೆ ನಿಜ. ಎಲ್ಲವೂ ಒಂದೇ ಅಚ್ಚಿನವು, ಎಲ್ಲವೂ ಬಲಗೈ. ನನಗೆ ಅಳುವೇ ಬಂತು. ಅಂಗಡಿಯವಳು ಎಲೆ ಅಡಿಕೆ ಒಂದು ಕೆನ್ನೆಗೆ ಸರಿಸಿ, ಅವರ ಕೈಯಿಂದ ತಗಡು ತೆಗೆದುಕೊಂಡು ಮಗುಚಿ ಹಾಕಿದಳು.

"ತಗಳಿ ಸಾ, ಎಡಗೈ ಆಯ್ತು. ಇದಕ್ಯಾಕೆ ಅಳ್ತೀಯವ್ವ? ದೇವ್ರಿಗೆ ಮುಂದ್ಲು ಇಂದ್ಲು ಎಲ್ಡೂ ಕಾಣ್ತದೆ."

ಇವರು ಬಿದ್ದು ಬಿದ್ದು ನಕ್ಕರು. ಮಗಳೂ ನಕ್ಕಳು. ನಾನು ಸೆರಗಲ್ಲಿ ಕಣ್ಣೊರೆಸಿಕೊಂಡು ನಕ್ಕೆ.

ದರ್ಶನ ಆಯಿತು, ಬೆಳ್ಳಿ ಕೈ ಒಪ್ಪಿಸಿದ್ದೂ ಆಯಿತು. ಕಪಿಲೆಯ ಮೆಟ್ಟಿಲಿನ ಮೇಲೆ ಬಂದು ಕೂತೆವು. ಹೊಳೆ ತಣ್ಣಗೆ ಹರಿಯುತ್ತಿತ್ತು, ಯಾರೋ ಕಂಬಳಿ ಒಗೆದು ಕಲ್ಲಿನ ಮೇಲೆ ಹರವಿದ್ದರು.

"ಏನಂತ ಅರಕೆ ಒತ್ತಿದ್ದೆ?" ಅಂತ ಕೇಳಿದರು.

"ಕೈ ಉಳ್ಸು ಅಂತ."

"ಉಳೀಲಿಲ್ವಲ್ಲ. ಮತ್ತೆ ಯಾಕ್ ಕೊಟ್ಟೆ?"

"ಕೇಳೋ ಗಾಬರೀಲಿ ಕೈ ಅಂತ ಬಾಯಿಗೆ ಬಂತು. ಅವನು ದೇವರಲ್ವಾ, ನಾನು ಏನು ಕೇಳಿದ್ದು ಅಂತ ಅವನಿಗೆ ಗೊತ್ತಾಗಿತ್ತು. ನೀವು ಕೂತಿದ್ದೀರಲ್ಲ ಪಕ್ಕದಲ್ಲಿ."

ಅವರು ಮಗಳ ಕಡೆ ತಿರುಗಿದರು. "ನಿನ್ ದೊರೆ ಕಥೆ ಮುಗಿಸ್ಲಿಲ್ವಲ್ಲವ್ವ."

ಮೈಕಿಲ್ಲದೆ, ಕಂಬಳಿಯಿಲ್ಲದೆ, ಮಗಳು ಮೆಟ್ಟಿಲ ಮೇಲೆ ಕೂತು ಹೇಳಿದಳು. ಆ ವೈದ್ಯನಿಗೆ ಮೀಯಖ್ ಅಂತ ಒಬ್ಬ ಮಗ, ಏರ್ಮಿದ್ ಅಂತ ಒಬ್ಬ ಮಗಳು. ಇಬ್ಬರೂ ಅಪ್ಪನಿಗಿಂತ ಒಂದು ಕೈ ಮೇಲಾದ ವೈದ್ಯರು. ಬೆಳ್ಳಿಯ ಕೈ ಎಷ್ಟು ಚೆನ್ನಾಗಿದ್ದರೂ ಅದು ದೊರೆಯ ಮೈಯಲ್ಲ ಅಂತ ಮೀಯಖನಿಗೆ ಅನ್ನಿಸಿತು. ಯುದ್ಧದಲ್ಲಿ ಕಳೆದುಹೋಗಿದ್ದ ನಿಜವಾದ ಕೈಯನ್ನೇ ತಂದ. ಅದನ್ನು ಒಮ್ಮೆಗೇ ಅಂಟಿಸಲಿಲ್ಲ. ಮೊದಲು ಪಕ್ಕೆಗೆ ಒತ್ತಿ ಕಟ್ಟಿ ಇಟ್ಟ. ಆಮೇಲೆ ಎದೆಗೆ ಒತ್ತಿ ಇಟ್ಟ. ಮೈಯ ಬಿಸಿಗೆ ಕೀಲು ಕೀಲನ್ನು ಗುರುತು ಹಿಡಿಯಿತು, ನರ ನರವನ್ನು ಗುರುತು ಹಿಡಿಯಿತು, ಮೇಲೆ ಚರ್ಮ ಬಂತು. ನುವಾದ ಪೂರ್ತಿಯಾದ. ಜನ ಅವನನ್ನು ಕರೆದು ಮತ್ತೆ ಸಿಂಹಾಸನದಲ್ಲಿ ಕೂರಿಸಿದರು.

"ಎದೆಗೆ ಒತ್ತಿ ಮಡಗಿದ್ನಾ?" ಅಂದರು ಇವರು.

"ಊಂ ಅಪ್ಪಾಜಿ."

"ಆ ವೈದ್ಯ, ಅವರಪ್ಪ, ಖುಷಿ ಪಟ್ನಾ?"

"ಇಲ್ಲ. ಮಗ ತನ್ನ ಮೀರ್ಸಿದ ಅಂತ ಹೊಟ್ಟೆಕಿಚ್ಚಿಗೆ ಕೊಂದುಬಿಟ್ಟ. ಮಗನ ಸಮಾಧಿ ಮೇಲೆ ಮೈಯ ಒಂದೊಂದು ಕೀಲಿಗೆ, ಒಂದೊಂದು ನರಕ್ಕೆ ಒಂದೊಂದು ಮದ್ದಿನ ಗಿಡ ಹುಟ್ಟಿತು. ತಂಗಿ ಏರ್ಮಿದ್ ತನ್ನ ಹೊದಿಕೆ ಹಾಸಿ, ಯಾವ ಸೊಪ್ಪು ಯಾವುದಕ್ಕೆ ಅಂತ ಬಿಡಿಸಿ ಜೋಡಿಸ್ತಾ ಇದ್ಲು. ಅಪ್ಪ ಬಂದು ಹೊದಿಕೆ ಕೊಡವಿ ಎಲ್ಲಾನೂ ಕಲಸಿಬಿಟ್ಟ. ಅದಕ್ಕೇ ಇವತ್ತಿಗೂ ಎಲ್ಲ ಕಾಯಿಲೆಗೂ ಮದ್ದು ಯಾರಿಗೂ ಗೊತ್ತಿಲ್ಲ ಅಂತಾರೆ."

ನನಗೆ ನಮ್ಮವ್ವ ನೆನಪಾದಳು. ನನ್ನ ತವರೂರು ಹೆಮ್ಮರಗಾಲದ ಹೊಲದ ಬದುವಿನಲ್ಲಿ ಅಣ್ಣೆಸೊಪ್ಪು, ಗೋಣಿಸೊಪ್ಪು, ಹೊನಗೊನೆ ಎಲ್ಲ ಕಿತ್ತು ಮಡಿಲಿಗೆ ತುಂಬಿಕೊಂಡು ಬಂದು ಜಗಲಿಯ ಮೇಲೆ ಸುರಿದು ಬಿಡಿಸುತ್ತಿದ್ದಳು. ಇದು ಕಣ್ಣಿಗೆ, ಇದು ಬಾಣಂತಿಗೆ ಅಂತ. ಅಣ್ಣನ ಸಮಾಧಿಯ ಮುಂದೆ ಕೂತು, ಎದೆ ಬಡಿದುಕೊಳ್ಳದೆ, ಲೋಕಕ್ಕೆ ಮದ್ದು ವಿಂಗಡಿಸುತ್ತಿದ್ದ ಆ ಹುಡುಗಿಯನ್ನು ದೇವತೆ ಅನ್ನದೆ ಇನ್ನೇನು ಅನ್ನಲಿ? ಅಪ್ಪ ಕಲಸಿದರೂ ಅವಳಿಗೆ ಒಂದಷ್ಟಾದರೂ ನೆನಪಿತ್ತು ಅಂತ ನಾನು ನಂಬಿದ್ದೇನೆ. ಇಲ್ಲದಿದ್ದರೆ ನಮ್ಮವ್ವನಿಗೆ ಗೊತ್ತಿದ್ದದ್ದು ಎಲ್ಲಿಂದ ಬಂತು?

"ದೊರೆ ಏನಾದ?" ಇವರಿಗೆ ಅವನದೇ ಚಿಂತೆ.

"ದೊಡ್ಡ ಶತ್ರುಗಳು ಬಂದಾಗ ಲೂ ಅನ್ನೋ ಒಬ್ಬ ಯುವಕ ಬಾಗಿಲಿಗೆ ಬಂದ. ಬಡಗಿ ಕೆಲಸ, ಕಮ್ಮಾರನ ಕೆಲಸ, ವೀಣೆ, ವೈದ್ಯ, ಯುದ್ಧ, ಎಲ್ಲಾ ಬರ್ತಿತ್ತು ಅವನಿಗೆ. ಇವನೇ ನಮ್ಮನ್ನ ಉಳಿಸೋನು ಅಂತ ನುವಾದ ತಾನೇ ಎದ್ದು ಅವನಿಗೆ ಜಾಗ ಬಿಟ್ಟ. ಆ ಯುದ್ಧದಲ್ಲೇ ಸತ್ತ."

"ಕೈ ಬಂದ್ ಮೇಲೂ ಬುಟ್ಟುಕೊಟ್ಟ," ಅಂದರು. ಆಮೇಲೆ, "ದೊರೆ ಅಂದ್ರೆ ಅವನು ಕಣವ್ವ," ಅಂದರು. ಅನ್ನುವಾಗ ಅವರ ಕಣ್ಣು ನನ್ನ ಕೊರಳಿನ ಮೇಲಿತ್ತು. ಸೆರಗಿನ ಕೆಳಗೆ ಎರಡು ಶಿವದಾರ ಕಾಣುತ್ತಿತ್ತು. ನಾನು ಸೆರಗು ಸರಿಮಾಡಿಕೊಂಡೆ.

ಮರುದಿನ ಬೆಳಿಗ್ಗೆ ಅಕ್ಕಿಹಿಟ್ಟಿಗೆ ಈರುಳ್ಳಿ, ಸಬ್ಬಸಿಗೆ ಸೊಪ್ಪು ಹೆಚ್ಚಿ ಹಾಕಿ ಕಲಸಿಟ್ಟಿದ್ದೆ. ಮೊದಲ ಉಂಡೆಯನ್ನು ಕಾವಲಿಯ ಮೇಲೆ ತಟ್ಟಲು ಹೊರಟಿದ್ದೆ. ಇವರು ಸ್ನಾನ ಮಾಡಿ, ಪಂಚೆ ಸುತ್ತಿಕೊಂಡು, ಪೂಜೆಯ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಯಾವಾಗ ಎದ್ದರೋ ನನಗೆ ಗೊತ್ತೇ ಆಗಿರಲಿಲ್ಲ.

"ಬಾ ಇಲ್ಲಿ."

"ಏನು ಬೇಕಿತ್ತು?"

"ಎಡಗೈ ಕೊಡು."

ನನಗೆ ಅರ್ಥವಾಗಲಿಲ್ಲ. "ಕೈ ತುಂಬ ಹಿಟ್ಟದೆ," ಅಂದೆ.

"ತೊಳ್ಕಂಡ್ ಬಾ. ಇಷ್ಟು ದಿನ ನೀನು ಎದೆ ಮೇಲೆ ಮಡಿಕಂಡಿದ್ದೆ. ಇವತ್ತು ಅಂಗೈ ಮೇಲೆ ಮಡಿಕೊ. ಮಿಕ್ಕಿದ್ದು ನಂಗಾಯ್ತದೆ."

ಒಲೆ ಆರಿಸಿ, ಕೈ ತೊಳೆದು, ಅವರ ಪಕ್ಕ ಮಣೆ ಹಾಕಿಕೊಂಡು ಕೂತೆ. ನನ್ನ ಕೊರಳಿನಿಂದ ಅವರ ಶಿವದಾರವನ್ನು ಅವರೇ ಬಲಗೈಯಿಂದ ಮೇಲೆತ್ತಿ ತೆಗೆದರು. ಕರಡಿಗೆ ಬಿಚ್ಚಲು ಒಂದು ಕೈ ಸಾಲಲಿಲ್ಲ. ನಾನು ತಳ ಹಿಡಿದೆ, ಅವರು ಮುಚ್ಚಳ ತಿರುಗಿಸಿದರು. ಲಿಂಗವನ್ನು ಕಣ್ಣಿಗೊತ್ತಿಕೊಂಡು, ನನ್ನ ಎಡ ಅಂಗೈಯ ನಡುವೆ ಇಟ್ಟರು. ತಣ್ಣಗಿತ್ತು. ನನ್ನ ಅಂಗೈ ಅಷ್ಟೇನೂ ಚೆಂದದ್ದಲ್ಲ. ಕಾವಲಿ ಸುಟ್ಟ ಕಲೆ, ಮೆಣಸಿನಕಾಯಿ ಉರಿ, ಎಷ್ಟು ತಿಕ್ಕಿದರೂ ಹೋಗದ ಅರಿಶಿನ. ಆದರೂ ಅವರು ಅದನ್ನು, ತಮ್ಮ ಅಂಗೈಯನ್ನು ನೋಡುತ್ತಿದ್ದರಲ್ಲ, ಹಾಗೇ ನೋಡಿದರು.

ನೀರು ಹಾಕಿದರು. ಒರೆಸಿ ವಿಭೂತಿ ಇಟ್ಟರು. ಹಿತ್ತಲ ಬಿಲ್ವದ ಎಲೆ ಏರಿಸುವಾಗ ನನ್ನ ಅಂಗೈ ವಾಲಿ ಎಲೆ ಜಾರಿತು.

"ಅಲ್ಲಾಡ್ಬೇಡ ಕಣೆ. ನನ್ ಕೈ ಇಂಗೆ ಅಲ್ಲಾಡ್ತಿರ್ಲಿಲ್ಲ."

"ನಿಮ್ ಕೈಗೆ ರೊಟ್ಟಿ ತಟ್ಟೋ ಯೋಚ್ನೆ ಇರ್ಲಿಲ್ಲ," ಅಂದೆ ಮೆಲ್ಲಗೆ.

ಪೂಜೆಯ ನಡುವೆ ನಗಬಾರದು ಅಂತ ಅವರು ತುಟಿ ಬಿಗಿ ಹಿಡಿದದ್ದು ಕಂಡಿತು. ಆರತಿ ಆಯಿತು. ಮುಗಿದ ಮೇಲೆ ಲಿಂಗವನ್ನು ಕರಡಿಗೆಯಲ್ಲಿಟ್ಟು, ಬಗ್ಗಿ ಕೊರಳು ಕೊಟ್ಟರು. ನಾನು ಶಿವದಾರ ಹಾಕಿದೆ. ಅದು ಅವರ ಎದೆಯ ಮೇಲೆ ಇಳಿದು ಕೂತಾಗ, ನನ್ನ ಎದೆಯ ಮೇಲಿದ್ದ ಭಾರ ಇಳಿದು ಅಲ್ಲೊಂದು ಖಾಲಿ ಜಾಗ ಉಳಿಯಿತು. ಒಂದು ಕ್ಷಣ ಅದೂ ಬೇಕಿತ್ತು ಅನ್ನಿಸಿತು, ಸುಳ್ಳೇಕೆ ಹೇಳಲಿ.

ಇದು ಸರಿಯೇ ತಪ್ಪೇ ಅಂತ ಆಮೇಲೆ ಬುದ್ಧಿಯವರನ್ನು ಕೇಳಿದೆ. ಅವರು ನನ್ನ ಎಡಗೈಗೆ ಒಂದು ಹೂವು ಕೊಟ್ಟರು.

ಆ ದೊರೆಯ ಕಥೆಯನ್ನು ಮಗಳು ರೆಕಾರ್ಡ್ ಮಾಡಿ ಕಳಿಸಿದ್ದಾಳೆ. ಯಾರು ಯಾರು ಎಲ್ಲೆಲ್ಲಿ ಕೇಳುತ್ತಾರೋ ಕಾಣೆ. ಆ ಕಥೆಯವರು ನಮ್ಮ ದೇವರಲ್ಲ, ನಾನು ಅವರಿಗೆ ದೀಪ ಹಚ್ಚುವುದಿಲ್ಲ. ಆದರೆ ನಂಜುಂಡಪ್ಪನಿಗೆ ಕೈ ಮುಗಿಯುವಾಗ, ಆ ಬೆಳ್ಳಿ ಕೈಯ ದೊರೆಯೂ, ಎದೆಗೆ ಒತ್ತಿ ಕೈ ಬದುಕಿಸಿದ ಆ ಹುಡುಗನೂ, ಸೊಪ್ಪು ವಿಂಗಡಿಸುತ್ತ ಕೂತ ಅವನ ತಂಗಿಯೂ ತಣ್ಣಗಿರಲಿ ಅಂದುಕೊಳ್ಳುತ್ತೇನೆ.

ನಾನು ಅಂಗೈ ಕೊಟ್ಟ ಆ ಬೆಳಿಗ್ಗೆ, ಪೂಜೆ ಮುಗಿದ ಮೇಲೆ, ಇವರು ನೇರ ತಮ್ಮ ಜಾಗಕ್ಕೆ ಹೋಗಿ ಕೂತು, ತಟ್ಟೆಯನ್ನು ತಾವೇ ಮುಂದಕ್ಕೆಳೆದುಕೊಂಡರು.

"ಏನವ್ವ, ಕೊಪ್ಪರಿಗೆ ಬರಿದಾಗೋಯ್ತಾ?" ಅಂತ ಮಗಳನ್ನು ಕೂಗಿದರು.

ಹಿಟ್ಟಿನ ಮೇಲ್ಪದರ ಒಣಗಿತ್ತು. ನಾನು ಕೈ ಒದ್ದೆ ಮಾಡಿಕೊಂಡು ಇನ್ನೊಮ್ಮೆ ನಾದಿ, ಒಲೆ ಹಚ್ಚಿ, ಕಾವಲಿಗೆ ಎಣ್ಣೆ ಸವರಿ, ರೊಟ್ಟಿ ತಟ್ಟತೊಡಗಿದೆ.